ಎರಡನೇ ಸುತ್ತಿನಲ್ಲಿ ಕಾಣೆಯಾದ ಉಂಗುರ

ಪೆಟ್ಟಿಗೆ ಖಾಲಿ ಎಂದು ಗೊತ್ತಾದಾಗ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ನಾನು ಬೆಳಿಗ್ಗೆ ಆರರಿಂದ ನಿಂತೇ ಇದ್ದೆ. ಬೆಂಜಮಿನ್ನರ ಚಿನ್ನದ ಉಂಗುರಕ್ಕಿಂತ ನನ್ನ ಮೊಣಕಾಲುಗಳ ಚಿಂತೆಯೇ ನನಗೆ ಆಗ ಹೆಚ್ಚಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಇದು ೨೦೦೧ರ ಮಾರ್ಚ್ ಕೊನೆಯ ಮಾತು. ಮಣಿಪಾಲದ ಒಂದು ಹೋಟೆಲಿನಲ್ಲಿ ಲೀಲಾಧರನೆಂಬ ನಾನು ಬಫೆ ಕ್ಯಾಪ್ಟನ್ ಆಗಿದ್ದೆ. ಹೆಸರು ದೊಡ್ಡದು. ಕೆಲಸ ಮಾತ್ರ ಸಾರು ಆರದಂತೆ, ಅನ್ನ ಮುಗಿಯದಂತೆ, ಗಿರಾಕಿ ಮುನಿಯದಂತೆ ನೋಡಿಕೊಳ್ಳುವುದು. ಮಾರ್ಚ್ ಬಂತೆಂದರೆ ಕಚೇರಿಗಳ ಬೀಳ್ಕೊಡುಗೆ ಊಟ ಶುರು. ಸಹೋದ್ಯೋಗಿಗಳು ಒಟ್ಟಿಗೆ ಉಣ್ಣುವುದನ್ನು ಹನ್ನೊಂದು ವರ್ಷ ನೋಡಿ ನನಗೆ ಸಾಕುಸಾಕಾಗಿತ್ತು. ಮೇಲಧಿಕಾರಿ ಪ್ಲೇಟು ಎತ್ತುವವರೆಗೆ ಯಾರಿಗೂ ಹಸಿವಿಲ್ಲ, ಎತ್ತಿದ ಮೇಲೆ ಯಾರಿಗೂ ನಾಚಿಕೆಯಿಲ್ಲ.

ಅಂದು ಬಂದವರು ಒಂದು ಮುದ್ರಣಾಲಯದ ಕರಡು ತಿದ್ದುವ ವಿಭಾಗದ ಏಳು ಜನ. ಮೂವತ್ತು ವರ್ಷ ದುಡಿದ ಬೆಂಜಮಿನ್ ನಿವೃತ್ತರಾಗುತ್ತಿದ್ದರು. ಒಣಗಿದ ನುಗ್ಗೆಕಾಯಿಯಂಥ ಮನುಷ್ಯ. ವಿಭಾಗದ ಮುಖ್ಯಸ್ಥ ಪರಮಾನಂದರು ಕಡಲತಡಿಯ ಕಾಪುವಿನವರು, ಮೈಕೈ ತುಂಬಿಕೊಂಡವರು. ಎಲ್ಲರೂ ಸೇರಿ ಮಾಡಿಸಿದ ಉಂಗುರ ಹಿಂದಿನ ಸಂಜೆಯಿಂದ ಅವರ ಮನೆಯಲ್ಲೇ ಇತ್ತು. ಪೆಟ್ಟಿಗೆಯನ್ನು ಅವರೇ ತಂದು, ಕಾಗದದ ಚೀಲದಲ್ಲಿಟ್ಟು, ಉಣ್ಣಲು ಕುಳಿತಾಗ ತಮ್ಮ ಪಕ್ಕದಲ್ಲೇ, ಕಂಬದ ಬದಿಯ ಕುರ್ಚಿಯ ಮೇಲೆ ಇಟ್ಟರು.

ಪರಮಾನಂದರ ಬಲಗೈ ಉಂಗುರದ ಬೆರಳಿನ ಬುಡಕ್ಕೆ ದಪ್ಪನೆಯ ಬ್ಯಾಂಡೇಜು ಸುತ್ತಿತ್ತು. ಬಂಗುಡೆ ಮೀನಿನ ಗಸಿಯ ಪಾತ್ರೆಯನ್ನು ದಾಟಿ ಅವರು ಪಲಾವಿಗೆ ಹೋದರು. ಕಾಪುವಿನವರು ಮೀನು ಬಿಟ್ಟರೆ ಅದು ಸುದ್ದಿಯೇ.

"ಎಂತ ಸಾರ್, ಮೀನು ಬೇಡವಾ?" ಎಂದೆ.

"ಪೇಪರ್ ಕತ್ತರಿಸುವ ಮೆಷಿನ್ ಬೆರಳು ಹಿಡಿಯಿತು ಮಾರಾಯ. ಚಮಚದಲ್ಲಿ ಮುಳ್ಳು ಬಿಡಿಸಲಿಕ್ಕೆ ಆಗ್ತದಾ?"

ಉಳಿದ ಆರು ಮಂದಿ ಕೈಯಲ್ಲೇ ಉಂಡರು. ಸ್ವಲ್ಪ ಹೊತ್ತಿಗೆ ಬಿಸಿ ನೀರ್ದೋಸೆ ಬಂತು. ಏಳೂ ಮಂದಿ ಒಟ್ಟಿಗೆ ಎದ್ದು ಎರಡನೇ ಸುತ್ತಿಗೆ ಬಂದರು. ಈ ಎರಡನೇ ಸುತ್ತು ನನ್ನ ಶತ್ರು. ಉಣ್ಣುವ ಬಲಗೈ ಎಂಜಲಾಗಿರುತ್ತದೆ. ಪ್ಲೇಟನ್ನು ಬಲ ಮಣಿಕಟ್ಟಿಗೆ ಆನಿಸಿ, ಸೌಟನ್ನು ಎಡಗೈಯಲ್ಲಿ ಹಿಡಿಯುತ್ತಾರೆ. ಅಭ್ಯಾಸವಿಲ್ಲದ ಎಡಗೈ, ಗಸಿ ಬಿಳಿ ಬಟ್ಟೆಯ ಮೇಲೆ ಬೀಳದೆ ಇರುವುದಿಲ್ಲ. ನಡುವೆ ಕೈ ತೊಳೆಯಿರಿ ಎಂದರೆ ಕೇಳುವವರಿಲ್ಲ, ನಮ್ಮಲ್ಲಿ ಕೈ ತೊಳೆದರೆ ಊಟ ಮುಗಿಯಿತು ಎಂದೇ ಅರ್ಥ. ಅಂದು ತುಂಬಿದ ಸಾರಿನ ಸೌಟನ್ನು ಬಲಗೈಯಲ್ಲಿ ಎತ್ತಿ, ಒಂದು ತೊಟ್ಟೂ ಚೆಲ್ಲದೆ ಬಡಿಸಿಕೊಂಡವರು ಪರಮಾನಂದರೊಬ್ಬರೇ. ಮನಸ್ಸಿನಲ್ಲೇ ಕೈ ಮುಗಿದೆ.

ಅವರು ಎದ್ದಿದ್ದಾಗ ಭಾಗವ್ವ ಮೇಜಿನ ಮೇಲಿನ ಖಾಲಿ ಬಟ್ಟಲುಗಳನ್ನು ತೆಗೆದುಕೊಂಡು ಹೋದಳು. ಅವಳು ಬಾಗಲಕೋಟೆ ಕಡೆಯವಳು, ಪರ್ಕಳದ ಕೂಲಿಕಾರರ ಶೆಡ್ಡಿನಲ್ಲಿ ವಾಸ, ನಮ್ಮಲ್ಲಿ ಪಾತ್ರೆ ತೊಳೆಯುವ ಕೆಲಸ. ಎಲ್ಲರೂ ಮತ್ತೆ ಕುಳಿತ ಮೇಲೆ ಪರಮಾನಂದರು ನಾಲ್ಕು ಮಾತಾಡಿ, ಪೆಟ್ಟಿಗೆ ತೆರೆದರು.

"ಅಯ್ಯೋ! ಉಂಗುರ ಎಲ್ಲಿ?" ಎಂದವರು, ಉಸಿರು ತೆಗೆಯುವುದರೊಳಗೆ, "ಆ ಪಾತ್ರೆ ತೆಗೆಯುವ ಹೆಂಗಸು ಇಲ್ಲಿಗೆ ಬಂದಿದ್ದಳಲ್ವಾ?" ಎಂದೂ ಸೇರಿಸಿದರು.

ಮ್ಯಾನೇಜರ್ ಸಯೀದ್ ಕೆಟ್ಟವರಲ್ಲ, ಗಿರಾಕಿ ದನಿ ಎತ್ತಿದರೆ ನಡುಗುವವರು, ಅಷ್ಟೆ. ಅಡಿಗೆಮನೆಯಲ್ಲಿ, ಇಪ್ಪತ್ತು ಕೆಲಸಗಾರರ ಎದುರು, ಇನ್ನೊಬ್ಬ ಹೆಂಗಸಿನಿಂದ ಭಾಗವ್ವನ ಸೆರಗು, ಎಲೆಯಡಿಕೆ ಚೀಲ, ತುರುಬು ಎಲ್ಲವನ್ನೂ ಹುಡುಕಿಸಿದರು. ಏನೂ ಸಿಗಲಿಲ್ಲ. "ಯಾರ ಕೈಗೆ ದಾಟಿಸಿದೆ ಹೇಳು. ಮೂರು ಗಂಟೆಗೆ ಪೊಲೀಸರಿಗೆ ಫೋನ್ ಮಾಡ್ತೇನೆ" ಎಂದರು.

ಭಾಗವ್ವ ಅಳಲಿಲ್ಲ. ನನ್ನ ಹತ್ತಿರ ಬಂದು, "ಅಣ್ಣಾರ, ನಾ ಮುಟ್ಟಿಲ್ರಿ. ಕಳ್ಳಿ ಅನ್ನೋ ಹೆಸರು ನನಗೊಬ್ಬಾಕಿಗೇ ಬರಂಗಿಲ್ಲ. ನಮ್ಮ ಶೆಡ್ಡಿನ ಹದಿನಾಲ್ಕು ಹೆಣ್ಮಕ್ಳಿಗೆ ನಾಳೆಯಿಂದ ಈ ಊರಾಗ ಯಾರೂ ಬಾಗಲಾ ತಗಿಯಂಗಿಲ್ಲ" ಎಂದಳು.

ನೇರವಾಗಿ ಆಲ್ಫೋನ್ಸರ ಕೋಣೆಗೆ ಹೋದೆ.

ಉದ್ಯಾವರದ ಆಲ್ಫೋನ್ಸ್ ಪೊಲೀಸ್ ಠಾಣೆಗಳಲ್ಲಿ ರೈಟರ್ ಆಗಿ ಮೂವತ್ತೆರಡು ವರ್ಷ ಜನರ ಹೇಳಿಕೆ ಬರೆದು ನಿವೃತ್ತರಾದವರು. ಹೋಟೆಲಿನ ಭದ್ರತೆ ನೋಡಿಕೊಂಡು, ನೆಲಮಹಡಿಯ ಕೋಣೆಯಲ್ಲಿ ಇದ್ದರು. ಇಷ್ಟು ಬಗೆಯ ಅಡಿಗೆ ಇರುವ ಕಡೆ ರಕ್ತದೊತ್ತಡದಿಂದಾಗಿ ಅವರಿಗೆ ಉಪ್ಪಿಲ್ಲದ ಗಂಜಿ. ಮಧ್ಯಾಹ್ನದ ನಿದ್ದೆಯೊಂದೇ ಉಳಿದ ಸುಖ, ಅದನ್ನೂ ನಾನು ಕೆಡಿಸಿದೆ.

"ಪುನಃ ಸುಳ್ಳು ಕೇಳಬೇಕಾ ಲೀಲಾಧರ?" ಎನ್ನುತ್ತಲೇ ಚಪ್ಪಲಿ ಮೆಟ್ಟಿದರು. ದಾರಿಯಲ್ಲಿ ನಾನು ಕಂಡದ್ದನ್ನೆಲ್ಲ ಹೇಳಿದೆ. ಬಲಗೈ ಸೌಟಿನ ವಿಷಯವನ್ನು ಎರಡು ಸಲ ಹೇಳಿಸಿಕೊಂಡರು.

ಮೊದಲು ಪೆಟ್ಟಿಗೆ ನೋಡಿದರು. ಹೊರಗೆ ತಿಳಿ ಕೆನೆ ಬಣ್ಣದ ವೆಲ್ವೆಟ್, ಒಳಗೆ ಬಿಳಿ ಸ್ಯಾಟಿನ್, ಕಲೆಯೆಂಬುದೇ ಇಲ್ಲ. ಎಡಗೈಯೊಂದರಿಂದಲೇ ಮುಚ್ಚಳ ತೆರೆಯಲು ಮೂರು ಸಲ ನೋಡಿದರು. ಬಿಗಿಯಾದ ಸ್ಪ್ರಿಂಗು, ಮೂರು ಸಲವೂ ಪೆಟ್ಟಿಗೆ ಕೈ ಜಾರಿ ಬಿತ್ತು. ಆಮೇಲೆ ಆ ಏಳು ಮಂದಿಯಲ್ಲಿ ಒಬ್ಬಳಾದ, ಮುದ್ರಣಾಲಯದಲ್ಲಿ ಕಂಪ್ಯೂಟರಿಗೆ ಕೂರುವ ಅಶ್ವಿನಿಯನ್ನು ಕರೆದರು.

"ಉಂಗುರದ ಅಳತೆ ಹೇಗೆ ತೆಗೆದಿರಿ?"

"ಬೆಂಜಮಿನ್ ಸಾರ್ ಹಳೆಯ ಉಂಗುರ ಬಿಚ್ಚಿಟ್ಟು ಕೈ ತೊಳೆಯುವಾಗ ನಾನೇ ನೂಲಿನಲ್ಲಿ ಅಳೆದೆ. ಅವರದ್ದು ಕಡ್ಡಿಯ ಹಾಗಿನ ಬೆರಳು ಅಲ್ವಾ."

ಕೊನೆಗೆ ಶಿಹಾಬ್. ಕರಡು ತಿದ್ದಲು ಬರುವ ಮೊದಲು ಅವನು ಆರು ವರ್ಷ ಕತ್ತರಿಸುವ ಮೆಷಿನ್ ನಡೆಸಿದ್ದ. ಅವನೊಡನೆ ಒಂದೆರಡು ಮಾತಾಡಿ ಆಲ್ಫೋನ್ಸ್ ಎಲ್ಲರನ್ನೂ ಪಕ್ಕದ ಸಣ್ಣ ಹಾಲಿಗೆ ಕರೆದು ಬಾಗಿಲು ಹಾಕಿಸಿದರು. ಏಳು ಮಂದಿ, ಸಯೀದ್, ನಾನು. ಗೋಡೆಗೆ ಒರಗಿ ಭಾಗವ್ವ. ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ ಇತ್ತು.

"ಯಾರೂ ಕೈ ತೊಳೆದಿಲ್ಲ ಅಲ್ವಾ? ಗಲಾಟೆಯಲ್ಲಿ ಊಟವೇ ಮುಗಿಯಲಿಲ್ಲ" ಎಂದು ಶುರು ಮಾಡಿದರು. "ಶಿಹಾಬ್, ನೀನು ಕಾಗದದಲ್ಲಿ ಕೈ ಚೆನ್ನಾಗಿ ಒರೆಸಿದ್ದೀ. ಈ ಬಿಳಿ ನ್ಯಾಪ್ಕಿನ್ ಹಿಡಿ."

ಶಿಹಾಬ್ ಹಿಡಿದು ಬಿಟ್ಟ. ಬಟ್ಟೆಯ ಮೇಲೆ ನಾಲ್ಕು ಬೆರಳಿನ ಹಳದಿ ಗುರುತು ಮೂಡಿತ್ತು.

"ಅರಸಿನ, ತೆಂಗಿನೆಣ್ಣೆ. ಒರೆಸಿದರೆ ಹೋಗುವಂಥದ್ದಲ್ಲ. ಎರಡನೇ ಸುತ್ತಿಗೆ ಏಳುವವರೆಗೆ ಚೀಲ ಪರಮಾನಂದರ ಬಗಲಲ್ಲೇ ಇತ್ತು. ಈ ಪೆಟ್ಟಿಗೆ ತೆರೆಯಲು ಎರಡು ಕೈ ಬೇಕು. ಎಡಗೈ ಶುದ್ಧವಾಗಿದ್ದರೂ ಬಲಗೈಯದು ಅಂಟಲೇಬೇಕು. ಕೈಯಲ್ಲಿ ಉಂಡ ಆರೂ ಮಂದಿ ತೆರೆದಿಲ್ಲ. ಭಾಗವ್ವ ಎಂಜಲು ಬಟ್ಟಲು ಎತ್ತುತ್ತಿದ್ದವಳು, ಅವಳ ಎರಡೂ ಕೈ ಹಾಗೆಯೇ. ಅವಳೂ ತೆರೆದಿಲ್ಲ."

"ಹಾಗಾದರೆ ಹೊರಗಿನವರು" ಎಂದರು ಪರಮಾನಂದ.

"ಆ ಹೊತ್ತಿಗೆ ಹಾಲಿನಲ್ಲಿ ಬೇರೆ ಗಿರಾಕಿ ಇರಲಿಲ್ಲ, ಬಾಗಿಲಲ್ಲಿ ಕಾವಲಿನವನು ಇದ್ದ. ಶುದ್ಧವಾದ ಎರಡು ಕೈ ಇದ್ದದ್ದು ನಿಮಗೆ ಮಾತ್ರ, ಚಮಚದಲ್ಲಿ ಉಂಡಿರಿ. ಆದರೆ ನೀವೂ ಕದ್ದಿಲ್ಲ. ಎಲ್ಲರ ಜೊತೆ ಎದ್ದಿರಿ, ಎಲ್ಲರ ಜೊತೆ ಕುಳಿತಿರಿ, ಲೀಲಾಧರ ನೋಡಿದ್ದಾನೆ. ಅಂದ ಮೇಲೆ ಇಲ್ಲಿ ಯಾರೂ ಪೆಟ್ಟಿಗೆ ತೆರೆಯಲೇ ಇಲ್ಲ. ಅದು ಬರುವಾಗಲೇ ಖಾಲಿ. ಉಂಗುರ ಒಳಗೆ ಉಂಟು ಎಂದು ಹೇಳಿದವರು ನೀವೊಬ್ಬರೇ."

"ನಾನು ಯಾಕೆ ಸುಳ್ಳು ಹೇಳಲಿ?"

"ಅದಕ್ಕೇ ಬರುತ್ತೇನೆ. ಬೆರಳು ಮೆಷಿನಿಗೆ ಸಿಕ್ಕಿತು ಎಂದಿರಿ. ಶಿಹಾಬ್, ಆಗ ನನಗೆ ಎಂತ ಹೇಳಿದೆ?"

ಶಿಹಾಬ್ ತಲೆ ತಗ್ಗಿಸಿದ. "ಮೆಷಿನಿಗೆ ಸಿಕ್ಕಿದರೆ ತುದಿ ಹೋಗ್ತದೆ. ಬುಡಕ್ಕೆ ಬಿದ್ದರೆ ಬೆರಳೇ ಉಳಿಯುವುದಿಲ್ಲ."

"ನಿಮ್ಮ ಬ್ಯಾಂಡೇಜು ಬುಡದಲ್ಲಿ ಉಂಟು. ಗಾಯದ ಕೈಯಲ್ಲಿ ಯಾರೂ ತುಂಬಿದ ಸೌಟು ಎತ್ತುವುದಿಲ್ಲ, ಪ್ಲೇಟನ್ನು ಮಣಿಕಟ್ಟಿಗೆ ಆನಿಸಿ ಎಡಗೈ ಬಳಸುತ್ತಾರೆ. ನೀವು ಬಲಗೈಯಲ್ಲೇ ಸಲೀಸಾಗಿ ಎತ್ತಿದಿರಿ. ಅಲ್ಲಿ ಗಾಯ ಇಲ್ಲ. ಬೆರಳಿನ ಬುಡದಲ್ಲಿ ಗಾಯವಲ್ಲದೆ ಮುಚ್ಚಿಡುವಂಥದ್ದು ಇನ್ನೆಂತ ಇರುತ್ತದೆ? ಬಿಚ್ಚಿ ಪರಮಾನಂದರೇ. ನನಗೂ ಆಯಾಸವಾಗಿದೆ."

ಕೊನೆಗೆ ಪರಮಾನಂದರು ತಾವೇ ಬಿಚ್ಚಿದರು. ಊದಿ ಕೆಂಪಾದ ಬೆರಳಿನ ಮಾಂಸದ ನಡುವೆ ಬೆಂಜಮಿನ್ನರ ಉಂಗುರ ಹೂತುಕೊಂಡಿತ್ತು.

"ನಿನ್ನೆ ಸಂಜೆ ಹೇಗೆ ಕಾಣ್ತದೆ ಅಂತ ಒಮ್ಮೆ ಹಾಕಿ ನೋಡಿದೆ" ಎಂದರು. "ಸಾಬೂನು ಹಚ್ಚಿದೆ, ಎಣ್ಣೆ ಹಚ್ಚಿದೆ, ಬರಲಿಲ್ಲ. ಇವರ ಎದುರು ಹೇಗೆ ಹೇಳುವುದು? ವರ್ಷವಿಡೀ ನಗ್ತಾರೆ. ಕಳೆದುಹೋಯಿತು ಅಂದರೆ ಎರಡು ದಿನದಲ್ಲಿ ಮರೆಯುತ್ತಾರೆ ಅಂದುಕೊಂಡೆ."

"ಕಳೆದುಹೋಯಿತು ಅಂತ ನೀವು ಹೇಳಲಿಲ್ಲ" ಎಂದರು ಆಲ್ಫೋನ್ಸ್. "ಇವಳನ್ನು ತೋರಿಸಿದಿರಿ."

ನನಗೆ ಸಿಟ್ಟು ನೆತ್ತಿಗೇರಿತ್ತು. ತಾನು ನಗೆಪಾಟಲಾಗಬಾರದೆಂದು ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕುವುದೇ? ಬೆಂಜಮಿನ್ ಎದ್ದು, "ಅದನ್ನು ಕತ್ತರಿಸಿ ತೆಗೆಸಿ. ನನಗೆ ಬೇಡ" ಎಂದು ಕೈ ತೊಳೆಯಲು ಹೋದರು. ಅವರ ಮೂವತ್ತು ವರ್ಷ ಹಾಗೆ ಮುಗಿಯಿತು.

ಸಯೀದ್ ಭಾಗವ್ವನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ತಪ್ಪಾಯಿತು ಭಾಗವ್ವ. ವಿಷಯ ಇಲ್ಲಿಗೇ ಬಿಡುವ. ಅವರ ಮರ್ಯಾದೆಯೂ ಉಂಟಲ್ವಾ. ನೀನು ಕೆಲಸಕ್ಕೆ ಹೋಗು" ಎಂದರು.

ಅವಳು ಕದಲಲಿಲ್ಲ.

"ಹುಡುಕಿದ್ದು ಎಲ್ಲಾರ ಮುಂದ, ಬಿಟ್ಟದ್ದು ಮೂಲ್ಯಾಗ. ಇದ್ಯಾವ ನ್ಯಾಯ ಸಾವಕಾರ? ಅಡಗಿಮನಿ ಮಂದಿ ಸಂಜೀಕ ಪರ್ಕಳದಾಗ ಏನಂತಾರ?"

ಸಯೀದ್ ನನ್ನ ಮುಖ ನೋಡಿದರು, ನಾನು ಆಲ್ಫೋನ್ಸರ ಮುಖ ನೋಡಿದೆ. ಆಲ್ಫೋನ್ಸ್ ಕುರ್ಚಿಯ ಕೈ ಹಿಡಿದು ಕಷ್ಟಪಟ್ಟು ಎದ್ದು, ತಾವೇ ಹೋಗಿ ಬಾಗಿಲು ತೆಗೆದು, ಅಡಿಗೆಮನೆಯವರನ್ನೆಲ್ಲ ಕರೆದರು. ಅಡುಗೆಯವರು, ಪಾತ್ರೆಯವರು, ಬಾಗಿಲ ಕಾವಲಿನವನು, ಇಪ್ಪತ್ತು ಮಂದಿಯೂ ಒಳಗೆ ಬಂದು ನಿಂತರು. ಆಲ್ಫೋನ್ಸ್ ಅರಸಿನದ ಗುರುತು, ಪೆಟ್ಟಿಗೆಯ ಸ್ಪ್ರಿಂಗು, ಬಲಗೈಯ ಸೌಟು ಎಲ್ಲವನ್ನೂ ಮೊದಲಿನಿಂದ ಒಂದೊಂದಾಗಿ ಇನ್ನೊಮ್ಮೆ ಹೇಳಿದರು. ಆಮೇಲೆ ಪರಮಾನಂದರಿಗೆ, "ಈಗ ನೀವು ಹೇಳಿ" ಎಂದರು.

ಪರಮಾನಂದರು ನೆಲ ನೋಡುತ್ತಾ, "ಉಂಗುರ ನನ್ನ ಬೆರಳಲ್ಲೇ ಇತ್ತು. ಭಾಗವ್ವ ಕದ್ದಿಲ್ಲ" ಎಂದರು.

"ಹಿಂದಿನವರಿಗೆ ಕೇಳ್ಸಲಿಲ್ರಿ" ಎಂದಳು ಭಾಗವ್ವ.

ಅವರು ತಲೆ ಎತ್ತಿ, ಗಟ್ಟಿಯಾಗಿ, ಇನ್ನೊಮ್ಮೆ ಹೇಳಿದರು.