ಬಳೆಯ ಅಳತೆ

ಗೇರ್ ಕೋಲಿನಲ್ಲಿ ಐದೇ ಬಳೆಗಳಿದ್ದವು.

ಸೇವಂತಿ ಮತ್ತೊಮ್ಮೆ ಎಣಿಸಿದಳು. ಹೆರಿಗೆಯ ಮನೆಗೆ ಇಳಿಯುವ ಮೊದಲು ಗಾಜಿನ ಬಳೆಗಳನ್ನು ಕಳಚಿ ವ್ಯಾನಿನ ಗೇರ್ ಕೋಲಿಗೆ ಸಿಕ್ಕಿಸುವುದು ಅವಳ ಮೂರು ವರ್ಷದ ಅಭ್ಯಾಸ. ಬಳೆ ತೊಟ್ಟ ಕೈಯಲ್ಲಿ ಹಸುಗೂಸನ್ನು ಹಿಡಿಯಬಾರದೆಂದು ತರಬೇತಿಯಲ್ಲಿ ಕಲಿಸಿದ್ದರು. ಕೆಲಸ ಮುಗಿಸಿ ಬಂದು, ಡೆಟಾಲ್ ವಾಸನೆಯ ಕೈಗೆ ಅವನ್ನು ಒಂದೊಂದಾಗಿ ಏರಿಸಿಕೊಳ್ಳುವಾಗ, ನರ್ಸಮ್ಮ ಹೋಗಿ ಬರೀ ಸೇವಂತಿ ಉಳಿಯುತ್ತಿದ್ದಳು.

ಇವತ್ತು ಆರನೆಯದು ಇರಲಿಲ್ಲ.

ಡ್ರೈವರ್ ತೀರ್ಥರಾಮ ರಸ್ತೆಯನ್ನೇ ನೋಡುತ್ತಿದ್ದ. ಅರಂತೋಡಿನಿಂದ ಸುಳ್ಯದವರೆಗೂ ಅವನು ಬಾಯಿ ಬಿಡಲಿಲ್ಲ. ಒಡೆದಿದ್ದರೆ ಹೇಳಬಹುದಿತ್ತು. ಹಿಂದಿನ ಸೀಟಿನಲ್ಲಿ ಬಾಣಂತಿ ಇದ್ದ ದಿನಗಳಲ್ಲಿ ಬಳೆಗಳು ಕೋಲಿನಲ್ಲೇ ಉಳಿಯುತ್ತಿದ್ದವು. ಆಗ ಅವು ಕಿಣಿ ಎನ್ನದಂತೆ ಗೇರ್ ಬದಲಿಸುತ್ತಿದ್ದ ಮನುಷ್ಯ ಇವನೇ. ಅದನ್ನು ಅವಳು ಹಿಂದಿನಿಂದ ನೋಡಿದ್ದಳು; ನೋಡಿದ್ದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ಅವಳಿಗೆ ಯಾರಿದ್ದರು?

ಬಾಡಿಗೆ ಕೋಣೆ, ಒಂದು ಮುಷ್ಟಿ ಅಕ್ಕಿಯ ಗಂಜಿ, ಒಬ್ಬಳೇ ತೊಳೆಯುವ ಒಂದೇ ಬಟ್ಟಲು. ತಂಗಿಯರ ಮದುವೆಗಳೆಲ್ಲ ಮುಗಿಯುವಷ್ಟರಲ್ಲಿ ಅವಳಿಗೆ ಮೂವತ್ತನಾಲ್ಕಾಗಿತ್ತು. ದಿನದಲ್ಲಿ ಅವಳದ್ದೆಂದು ಇದ್ದದ್ದು ಈ ಸವಾರಿಯೊಂದೇ. ಮಾತು ಕಡಿಮೆ. ಆದರೆ ಪಕ್ಕದಲ್ಲಿ ಒಬ್ಬ ಮನುಷ್ಯನ ಉಸಿರು ಇರುತ್ತಿತ್ತು.

ವ್ಯಾನು ಜರ್ಮನಿಯದು. ಮಂಗಳೂರಿನಲ್ಲಿ ಕೆಲಸ ಮುಗಿಸಿ ಊರಿಗೆ ಹೊರಟ ಒಬ್ಬ ಇಂಜಿನಿಯರನಿಂದ ಸುಳ್ಯದ ಅವರ ಆಸ್ಪತ್ರೆಯ ಡಾಕ್ಟರ್ ಮಹಾಗಣಪತಿ ಅದನ್ನು ಕೊಂಡಿದ್ದರು. ಇಂಜಿನ್ ಹಿಂದೆ; ನೀರು ಬೇಡ, ಗಾಳಿಯಿಂದಲೇ ತಣಿಯುವುದು. ಮಳೆ ನಿಂತು ಕೆಂಪು ಧೂಳು ಏಳತೊಡಗಿದ ಆ ವರ್ಷ, ಅರುವತ್ತನಾಲ್ಕರಲ್ಲಿ, ಅದರ ಏರ್ ಫಿಲ್ಟರಿನ ಡಬ್ಬಿ ತುಕ್ಕು ಹಿಡಿದು ತೂತಾಯಿತು. ಧೂಳು ನೇರ ಇಂಜಿನ್ನಿಗೆ ಹೋಗಿ ವ್ಯಾನು ಎರಡು ಸಲ ದಾರಿಯಲ್ಲೇ ನಿಂತಿತು. ಡಾಕ್ಟರು ಖಡಾಖಂಡಿತ ಹೇಳಿಬಿಟ್ಟರು: ಇನ್ನೊಮ್ಮೆ ನಿಂತರೆ ಮಡಿಕೇರಿಯ ಗಿರಾಕಿಗೆ ಮಾರುವುದು, ಹಳ್ಳಿಗೆ ಹೋಗುವುದನ್ನು ನಿಲ್ಲಿಸುವುದು. ಕಡಬದ ಹೆರಿಗೆ ಆಸ್ಪತ್ರೆಯಿಂದ ಸೇವಂತಿಗೆ ಕೆಲಸದ ಕಾಗದ ಬಂದಿತ್ತು. ಅವಳು ಅಲ್ಲಿಗೆ ಹೋಗಬಹುದು. ತೀರ್ಥರಾಮನೂ ಬೇರೆ ಕೆಲಸ ನೋಡಿಕೊಳ್ಳಬೇಕು.

ಆ ಕಾಗದಕ್ಕೆ ಅವಳು ಇನ್ನೂ ಉತ್ತರ ಬರೆದಿರಲಿಲ್ಲ.

ಭಾನುವಾರ ಅವನು ಬಸ್ಸಿನಲ್ಲಿ ಪುತ್ತೂರಿಗೆ ಹೋಗಿ ಬಂದ. ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಹೊಸ ಫಿಲ್ಟರ್ ಕೂರಿಸುತ್ತಿದ್ದ. ಸೇವಂತಿ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಒಣಗಿಸುವ ನೆಪದಲ್ಲಿ ಅಲ್ಲೇ ನಿಂತಳು. ಕೈ ಕೆಲಸದಲ್ಲಿದ್ದರೆ ಅವನಿಗೆ ಮಾತು ಬರುತ್ತಿತ್ತು.

ಬಿಡಿಭಾಗದ ಅಂಗಡಿಯ ಹೈದರ್ ಮೂರು ಫಿಲ್ಟರ್ ಮುಂದಿಟ್ಟನಂತೆ. ಒಂದು ಲಾರಿಯದು, ಕೊಡಪಾನದಷ್ಟು ದೊಡ್ಡದು. ಈ ಸಣ್ಣ ಇಂಜಿನ್ನಿನ ಪಕ್ಕ ಅದನ್ನು ಕೂರಿಸಲು ಜಾಗವೇ ಇಲ್ಲ. ಇನ್ನೊಂದು ಕಾರಿನದು, ಒಳಗೆ ಮಡಚಿದ ಕಾಗದ. ನಮ್ಮ ಧೂಳಿಗೆ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ, ಹೊಸ ಕಾಗದ ಬೊಂಬಾಯಿಯಿಂದಲೇ ಬರಬೇಕು. ಮೂರನೆಯದು ಹಳೆ ಜೀಪಿನದು. ಕೆಳಗೆ ಎಣ್ಣೆಯ ಬಟ್ಟಲು, ಮೇಲೆ ತಂತಿಯ ಜಾಲರಿ. ಧೂಳು ಎಣ್ಣೆಯಲ್ಲಿ ಕೂರುತ್ತದೆ, ಗಾಳಿ ದಾಟುತ್ತದೆ. ತೊಳೆದು ಎಣ್ಣೆ ಬದಲಿಸಿದರೆ ವರ್ಷಗಟ್ಟಲೆ ಬಾಳುತ್ತದೆ.

"ಧೂಳು ಬರ್ತದೆ ಅಂತ ಬಾಯಿ ಪೂರ್ತಿ ಮುಚ್ಚಿದರೆ ಇಂಜಿನ್ ಸಾಯ್ತದೆ," ಎಂದ ಅವನು, ಸ್ಕ್ರೂ ತಿರುಗಿಸುತ್ತಾ. "ಸ್ವಲ್ಪ ತೆರೆದೇ ಇರಬೇಕು."

ಆ ಮಾತು ಇಂಜಿನ್ನಿನ ಬಗ್ಗೆಯೇ ಇರಬೇಕು ಎಂದುಕೊಂಡಳು ಸೇವಂತಿ.

"ಇದರ ಬಾಯಿಗೆ ಸರಿಯಾಗ್ತದೆ ಅಂತ ಅಂಗಡಿಯಲ್ಲಿ ಹೇಗೆ ಗೊತ್ತಾಯ್ತು?"

ಅವನ ಕಿವಿ ಕೆಂಪಾಯಿತು. ಅಂಗಿಯ ಕಿಸೆಯಿಂದ ಕರವಸ್ತ್ರ ತೆಗೆದು ಬಿಡಿಸಿದ. ಒಳಗೆ ಹಸಿರು ಬಳೆ.

ಅರಂತೋಡಿನಲ್ಲಿ ಅವಳಿಗಾಗಿ ಕಾಯುತ್ತಿದ್ದಾಗ ಅಳತೆಗೆ ಏನೂ ಸಿಗದೆ, ಬಳೆಯೊಂದನ್ನು ಇಂಜಿನ್ನಿನ ಬಾಯಿಗೆ ಇಟ್ಟು ನೋಡಿದ್ದನಂತೆ. ಹೇಳಿ ಮಾಡಿಸಿದ ಹಾಗೆ ಕೂತಿತಂತೆ. ಕೇಳಲು ನಾಚಿಕೆಯಾಗಿ ಹಾಗೇ ಕಿಸೆಗೆ ಹಾಕಿಕೊಂಡನಂತೆ.

"ಹೈದರ್ ನಗಾಡಿದ. 'ಅಳತೆಗೆ ಬಳೆ ತಂದವರನ್ನು ಇದೇ ಮೊದಲು ನೋಡುದು ಮಾರಾಯ್ರೆ, ಈ ಕೈ ಯಾರದ್ದು?' ಅಂತ ಕೇಳಿದ."

"ನೀವು ಎಂತ ಹೇಳಿದ್ರಿ?"

"ಇಂಜಿನ್ನಿನದ್ದು ಅಂದೆ."

ಸೇವಂತಿ ನಕ್ಕುಬಿಟ್ಟಳು. ಎಷ್ಟು ತಿಂಗಳಾಗಿತ್ತೋ, ತನ್ನ ನಗು ಅವಳಿಗೇ ಹೊಸದಾಗಿ ಕೇಳಿತು. ಕೈ ಚಾಚಿದಳು. ಅವನು ಬಳೆಯನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿದ.

"ಇನ್ನೊಂದು ಅಳತೆ ಬಾಕಿ ಉಂಟು ನರ್ಸಮ್ಮ. ಆಮೇಲೆ ಕೊಡ್ತೇನೆ."

ಫಿಲ್ಟರಿನ ಬಟ್ಟಲೊಳಗಿನ ಗೆರೆಯನ್ನು ಅವಳಿಗೆ ತೋರಿಸಿ, ಎಣ್ಣೆ ಇದಕ್ಕಿಂತ ಕೆಳಗೆ ಇಳಿಯಬಾರದು ಎಂದ.

ಎರಡು ವಾರ ಕಳೆದ ಮೇಲೆ ಅವನಿಗೆ ಜಾಲ್ಸೂರಿನಿಂದ ಕರೆ ಬಂತು. ಅಕ್ಕನ ಮನೆಯಲ್ಲಿದ್ದ ಅವನ ಒಂಬತ್ತು ವರ್ಷದ ಮಗಳಿಗೆ ಜ್ವರ. ಆ ಮಗುವಿನ ತಾಯಿ ತೀರಿಹೋಗಿ ಆರು ವರ್ಷ. ಬೆಳಿಗ್ಗೆ ಬರುತ್ತೇನೆಂದು ಹೇಳಿ ಹೊರಟವನ ಬೆನ್ನು ನೋಡಿದಾಗ ಸೇವಂತಿಗೆ ಅನಿಸಿತು: ಈ ಮನುಷ್ಯನಿಗೂ ಆಯಾಸವಾಗುತ್ತದೆ, ಕೇಳುವವರಿಲ್ಲ.

ಸಂಜೆ ಶೆಡ್ಡಿಗೆ ಹೋಗಿ ಫಿಲ್ಟರಿನ ಮುಚ್ಚಳ ತೆಗೆದಳು. ಎಣ್ಣೆ ಗೆರೆಗಿಂತ ಕೆಳಗಿತ್ತು. ಇಂಜಿನ್ ಎಣ್ಣೆಯ ಡಬ್ಬಿ ಖಾಲಿ. ನಾಳೆ ಬೆಳಕು ಹರಿಯುವ ಮೊದಲೇ ಸಂಪಾಜೆ ಕಡೆಗೆ ಹೊರಡಬೇಕು. ಅಲ್ಲಿ ಚೊಚ್ಚಲ ಹೆರಿಗೆ. ಅವನು ದಣಿದು ಬಂದು ಎಣ್ಣೆ ಹುಡುಕುವುದು ಬೇಡ ಎಂದುಕೊಂಡು ಕೋಣೆಗೆ ಹೋಗಿ ತನ್ನ ಬಾಟಲಿ ತಂದಳು. ಗರುಗದ ಸೊಪ್ಪು ಹಾಕಿ ಕುದಿಸಿದ ತೆಂಗಿನೆಣ್ಣೆ. ತಲೆಗೆ, ಸುಟ್ಟ ಗಾಯಕ್ಕೆ, ಬಾಗಿಲ ತಿರುಗಣಿಗೆ ಅವಳ ಮನೆಯವರು ಇದನ್ನೇ ಹಾಕಿದ್ದು. ಜಾಲರಿಗೂ ಒಳ್ಳೆಯದಾಗಲಿ ಎಂದು ಮೇಲಿನಿಂದಲೇ ಸುರಿದಳು. ಯಾರಿಗೋ ತಲೆ ಸವರಿದಷ್ಟು ಹಿತವಾಯಿತು.

ಬೆಳಿಗ್ಗೆ ಡಿಸೆಂಬರಿನ ಚಳಿ. ತೀರ್ಥರಾಮ ಜಾಲ್ಸೂರಿನಿಂದ ಬಂದ. ಕೈಯಲ್ಲಿ ಹೊಸ ಎಣ್ಣೆಯ ಡಬ್ಬಿ. ಅದನ್ನು ಕಂಡಾಗಲೇ ಸೇವಂತಿಗೆ ತಾನು ಸುರಿದ ಎಣ್ಣೆಯ ಬಗ್ಗೆ ಅನುಮಾನ ಬಂತು. ವ್ಯಾನು ಹೊರಟಿತು, ಕೆಮ್ಮಿತು, ಗೇಟಿನಲ್ಲೇ ನಿಂತಿತು. ಇನ್ನೊಮ್ಮೆ. ಮತ್ತೊಮ್ಮೆ.

ಡಾಕ್ಟರು ಶಾಲು ಹೊದ್ದು ಜಗಲಿಗೆ ಬಂದರು. "ಸಾಕು ತೀರ್ಥರಾಮ. ಬಾಡಿಗೆ ಜೀಪಿಗೆ ಹೇಳಿ ಕಳಿಸ್ತೇನೆ. ಇದು ಮಡಿಕೇರಿಗೆ ಹೋಗ್ಲಿ."

ಅವನು ಆಗಲೇ ಫಿಲ್ಟರ್ ಬಿಚ್ಚಿದ್ದ. ಬಟ್ಟಲಿನಲ್ಲಿ, ಜಾಲರಿಯ ಕಣ್ಣುಕಣ್ಣಿನಲ್ಲಿ, ತೆಂಗಿನೆಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ಬೆರಳಿನಿಂದ ಸ್ವಲ್ಪ ತೆಗೆದು ಮೂಸಿದ. ಗರುಗದ ವಾಸನೆ. ನಿಧಾನವಾಗಿ ಅವಳ ಜಡೆಯ ಕಡೆ ನೋಡಿದ. ನೋಡಿದ್ದು ಒಂದೇ ಕ್ಷಣ. ಮತ್ತೆ ಡಾಕ್ಟರ ಕಡೆ ತಿರುಗಿದ.

"ತಪ್ಪು ನನ್ನದು ಡಾಕ್ಟ್ರೇ. ಬೇರೆ ಎಣ್ಣೆ ಹಾಕಿಬಿಟ್ಟೆ."

ಸೇವಂತಿ ಸುಮ್ಮನಿರಬಹುದಿತ್ತು. ಇಷ್ಟು ವರ್ಷ ಸುಮ್ಮನಿದ್ದದ್ದೇ ತಾನೆ?

"ಅಲ್ಲ. ನಾನು ಹಾಕಿದ್ದು," ಎಂದಳು. "ನನ್ನ ತಲೆಯ ಎಣ್ಣೆ. ಇವರಿಗೆ ಗೊತ್ತೇ ಇಲ್ಲ."

ಡಾಕ್ಟರು ಬಟ್ಟಲು ನೋಡಿದರು, ಅವಳನ್ನು ನೋಡಿದರು, ಅವನನ್ನು ನೋಡಿದರು. ಅವರ ತುಟಿಯ ಕೊನೆ ಅಲುಗಿತು. "ನಾನು ಕಾಫಿ ಕುಡಿದು ಬರ್ತೇನೆ. ಅಷ್ಟರೊಳಗೆ ಹೊರಟರೆ ನಾನು ಎಂತದೂ ನೋಡ್ಲಿಲ್ಲ."

ಅವಳು ಗಾಯ ತೊಳೆಯಲು ಕಾಯಿಸಿಟ್ಟಿದ್ದ ಬಿಸಿನೀರು ತಂದಳು. ಅವನು ಜಾಲರಿ ಹಿಡಿದ, ಅವಳು ಸುರಿದಳು. ಬಿಳಿ ಕರಗಿ ಮಣ್ಣಿಗಿಳಿಯಿತು. ಒದ್ದೆ ಒರೆಸಿ, ಹೊಸ ಎಣ್ಣೆಯನ್ನು ಗೆರೆಯವರೆಗೆ ತುಂಬಿಸಿದರು. ವ್ಯಾನು ಕೆಮ್ಮದೆ ಎದ್ದಿತು. ಒಳಗೆ ಡಾಕ್ಟರ ಕಾಫಿ ಲೋಟದ ಸದ್ದು ಇನ್ನೂ ನಿಂತಿರಲಿಲ್ಲ.

ಇಂಜಿನ್ ಬಿಸಿಯಾದಂತೆ, ಅಲ್ಲಲ್ಲಿ ಉಳಿದಿದ್ದ ಎಣ್ಣೆ ಕರಗಿ ಗರುಗದ ಪರಿಮಳ ವ್ಯಾನಿನ ತುಂಬ ಹರಡಿತು. ಸೇವಂತಿ ನಾಚಿಕೆಯಿಂದ ಗಾಜು ಇಳಿಸಲು ಹೋದಳು.

"ಇರಲಿ," ಎಂದ ಅವನು.

ಅರಂತೋಡು ದಾಟಿತು. ಮಂಜಿನೊಳಗೆ ರಸ್ತೆ ಹತ್ತು ಮಾರು ಮಾತ್ರ ಕಾಣುತ್ತಿತ್ತು.

"ಮಗಳು ಮನೆಗೆ ಬಂದಾಗ ಅವಳ ತಲೆಗೆ ನಾನು ಅಂಗಡಿ ಎಣ್ಣೆ ಹಾಕುದು," ಎಂದ. "ಜಡೆ ಹಾಕ್ಲಿಕ್ಕೂ ಸರಿ ಬರುದಿಲ್ಲ ನನಗೆ. ನಿನ್ನೆ ಜ್ವರದಲ್ಲಿ ಅವಳು ಕೇಳಿದಳು, ಅಪ್ಪ, ನಮ್ಮ ಮನೆಗೆ ಯಾರೂ ಬರುದಿಲ್ವಾ ಅಂತ."

ಸೇವಂತಿ ತನ್ನ ಜಡೆಯ ತುದಿ ಹಿಡಿದು ನೋಡಿದಳು. ಆಮೇಲೆ ಅವನು ಕೇಳಿದ, "ಕಡಬಕ್ಕೆ ಹೋಗ್ತೀರಾ?"

"ಉತ್ತರ ಬರೆದಿಲ್ಲ."

ಸಂಪಾಜೆಯ ಹತ್ತಿರ, ದಾರಿಬದಿಯಲ್ಲಿ ಲಾಟೀನು ಹಿಡಿದು ಯಾರೋ ಕಾಯುತ್ತಿದ್ದರು. ವ್ಯಾನು ನಿಂತಿತು. ಸೇವಂತಿ ಐದು ಬಳೆಗಳನ್ನು ಕಳಚಿದಳು. ಗೇರ್ ಕೋಲಿನ ಕಡೆ ಹೋದ ಕೈ ನಿಂತಿತು. ಬಳೆಗಳನ್ನು ಅವನ ಅಂಗೈಯಲ್ಲಿಟ್ಟಳು.

ಅವನು ಕಿಸೆಯಿಂದ ಆರನೆಯದನ್ನು ತೆಗೆದು ಅವುಗಳ ಜೊತೆ ಸೇರಿಸಿದ.

"ಪುತ್ತೂರಿನ ಬಳೆ ಅಂಗಡಿಗೆ ಹೋಗ್ಬೇಕು ಅಂತಿದ್ದೆ, ಈ ಅಳತೆ ಹಿಡ್ಕೊಂಡು. ಧೈರ್ಯ ಬರ್ಲಿಲ್ಲ. ಅಲ್ಲಿಯೂ ಕೇಳ್ತಾರಲ್ಲ, ಈ ಕೈ ಯಾರದ್ದು ಅಂತ. ಎಂತ ಹೇಳುದು, ಸೇವಂತೀ?"

ಮೂರು ವರ್ಷದಲ್ಲಿ ಅವನು ಆ ಹೆಸರು ಹಿಡಿದು ಕರೆದದ್ದು ಇದೇ ಮೊದಲು.

ಅವಳು ಚೀಲ ಎತ್ತಿಕೊಂಡು ಇಳಿದಳು. ರವಿಕೆಯ ತೋಳು ಮಡಚುತ್ತಾ, ತೆರೆದ ಬಾಗಿಲಲ್ಲಿ ಒಂದು ಕ್ಷಣ ನಿಂತಳು.

"ಇಂಜಿನ್ನಿನದ್ದು ಅಂತ ಈ ಸಲ ಸುಳ್ಳು ಹೇಳುದು ಬೇಡ," ಎಂದಳು. ಆಮೇಲೆ ಲಾಟೀನಿನ ಹಿಂದೆ, ಬರಿಗೈಯಲ್ಲಿ, ಬೇಗ ಬೇಗ ಗುಡ್ಡ ಹತ್ತಿದಳು.