ನೂರಾ ಐವತ್ತಕ್ಕೆ ತೆರೆದ ಪುಟ

"ನನ್ನ ಕಣ್ಣ ಅಣಕಸಾಕ ಹಿಂಗ ಮಾಡೀರಿ, ಹೌದಲ್ಲೊ?"

ಲಕ್ಷ್ಮೇಶ್ವರದ ಬಸ್ಸಿಳಿದು ಬಂದ ಪ್ರಭುಲಿಂಗ ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟ. ಎದುರಿಗೆ ಅನುರಾಧಾ. ಕೈಯಲ್ಲಿ ಲಗ್ನಪತ್ರಿಕೆ, ಕಣ್ಣಲ್ಲಿ ನೀರು.

ಗದಗ ಹೊಸ ಜಿಲ್ಲೆಯಾದ ಮೇಲೆ ಬೆಟಗೇರಿಯ ಆ ಟೈಪಿಂಗ್ ಅಂಗಡಿಗೆ ಪುರುಸೊತ್ತೇ ಇರಲಿಲ್ಲ. ಇದ್ದದ್ದು ಒಂದೇ ಕಂಪ್ಯೂಟರ್. ಬೆಳಿಗ್ಗೆ ಅವಳು, ಮಧ್ಯಾಹ್ನದಿಂದ ಅವನು. ಕುರ್ಚಿ ಬಿಟ್ಟುಕೊಡುವಾಗಿನ ಎರಡು ಮಾತು ಬಿಟ್ಟರೆ ಇಬ್ಬರ ನಡುವೆ ಏನೂ ಇರಲಿಲ್ಲ. ಹಾಗಂತ ಅವಳು ಅಂದುಕೊಂಡಿದ್ದಳು, ಪಾಪ.

ಅನುರಾಧಾಳ ಚಷ್ಮಾ ಸದಾ ಬ್ಯಾಗಿನೊಳಗೇ. "ಕನ್ಯಾ ನೋಡಾಕ ಬರೋ ಮಂದಿಗೆ ಗೊತ್ತಾದ್ರ ಮುಗೀತು" ಎಂದು ಮಗ್ಗದ ಮುಂದೆ ಕೂತೇ ಅವ್ವ ಅಂಬವ್ವ ತಾಕೀತು ಮಾಡಿದ್ದಳು. ಹಾಗಾಗಿ ಪರದೆಗೆ ಮೂಗು ತಾಗಿಸಿಕೊಂಡೇ ಟೈಪ್ ಮಾಡುತ್ತಿದ್ದಳು.

ಆ ದಿನ ಬೆಳಿಗ್ಗೆ ಲಗ್ನಪತ್ರಿಕೆಯ ಫೈಲ್ ತೆರೆದರೆ ಅಕ್ಷರಗಳೆಲ್ಲ ಧಡೂತಿ! ಯಾರೋ ದೊಡ್ಡದು ಮಾಡಿದ್ದಾರೆಂದು ಅವಳು ಎಲ್ಲವನ್ನೂ ಸಣ್ಣದು ಮಾಡಿ ಪ್ರಿಂಟ್ ತೆಗೆದಳು. ಮದುಮಗನ ಹೆಸರು ಸಾಸಿವೆಯಷ್ಟಾಗಿ ಬಂತು.

"ಸಂಜೀಕ ಪತ್ರಿಕೆ ಒಯ್ಯಾಕ ಸೊರಟೂರ ಮಂದಿ ಬರ್ತಾರ. ಅಷ್ಟರಾಗ ಸರಿ ಆಗಲಿಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡವಾ" ಎಂದು ಮಾಲೀಕ ಪುಂಡಲೀಕಪ್ಪ ಹೇಳಿ ಹೋಗಿದ್ದ.

"ಅಕ್ಷರ ನಾ ಮುಟ್ಟಿಲ್ರಿ," ಎಂದ ಪ್ರಭುಲಿಂಗ ಮೆಲ್ಲಗೆ. "ಪರದೆ ಮ್ಯಾಲ ಕಾಣೂದಷ್ಟ ದೊಡ್ಡದು. ಕಾಗದದ ಮ್ಯಾಲ ಇದ್ದಷ್ಟ ಬರತೈತಿ. ಯಾವ ಫೈಲ್ ತೆರದ್ರೂ ತಾನ ನೂರಾ ಐವತ್ತು ಪರ್ಸೆಂಟಕ್ಕ ನಿಲ್ಲೂಹಂಗ ಒಂದು ಮ್ಯಾಕ್ರೋ ಬರದೀನಿ. ಒಮ್ಮೆ ಹೇಳಿಕೊಟ್ರ ಮಷೀನ ದಿನಾ ಅದನ್ನ ಮಾಡ್ತೈತಿ."

"ನನಗ ಹೇಳಬೇಕಿತ್ತಲ್ಲ?"

"ಹೇಳಿದ್ರ ನಿಮ್ಮ ಕಣ್ಣಿನ ಮಾತು ತಗೀಬೇಕಾಗ್ತಿತ್ತು... ಮನಸ ಬರಲಿಲ್ಲ."

ಅವಳ ಸಿಟ್ಟು ಎಲ್ಲಿಗೆ ಹೋಯಿತೋ! 'ಇಷ್ಟು ದಿನ ನನ್ನ ಕಷ್ಟ ನೋಡ್ತಿದ್ನಾ ಇವನು... ಒಂದು ಮಾತೂ ಆಡದೆ?'

ಬ್ಯಾಗಿನಿಂದ ಚಷ್ಮಾ ತೆಗೆದು ಅವನೆದುರಿಗೇ ಹಾಕಿಕೊಂಡಳು.

"ಈ ಪತ್ರಿಕೆ ನಾನ ಸರಿ ಮಾಡ್ತೀನಿ. ಆಮ್ಯಾಲ ಆ ಮ್ಯಾಕ್ರೋ ನನಗೂ ಕಲಸ್ರಿ."

ಸಂಜೆ ಸೊರಟೂರಿನವರು ಪತ್ರಿಕೆಯನ್ನು ಹಿಂದೆ ಮುಂದೆ ತಿರುವಿ, "ಭಾಳ ಚಂದ ಆಗೇತಿ" ಎಂದರು. ಪುಂಡಲೀಕಪ್ಪ ಗಂಟಲು ಸರಿಮಾಡಿಕೊಂಡು, "ನಾಳಿ ಜಲ್ದಿ ಬಾರವಾ" ಎಂದ. ಅನುರಾಧಾಳಿಗೆ ಮುಗಿಲು ಮುಟ್ಟಿದಷ್ಟು ಖುಷಿಯಾಯಿತು.

ಮುಂದೆ ಚಷ್ಮಾ ಬ್ಯಾಗಿಗೆ ಮರಳಲೇ ಇಲ್ಲ. ಅಂಬವ್ವ ಬೈದು ಬೈದು ಸುಮ್ಮನಾದಳು. ಮಗಳು ಮ್ಯಾಕ್ರೋ ಕಲಿತಳು, ಅವನ ನಗುವನ್ನೂ ಕಲಿತಳು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಪ್ರಭುಲಿಂಗ ಕುರ್ಚಿಗೆ ಕೂತು ಫೈಲ್ ತೆರೆದ. ಪುಟ ಅವನಿಗೆ ಹಿಡಿಸುವ ನೂರಕ್ಕೇ ತೆರೆಯಿತು! ಊಟದ ಹೊತ್ತು ದಾಟಿದರೆ ಹಾಗಾಗುವಂತೆ ಅವಳು ಮ್ಯಾಕ್ರೋ ತಿದ್ದಿದ್ದಳು. ಹಿಂದೆಯೇ ಪರದೆಯ ನಡುವೆ ಒಂದು ಚೌಕ ಮೂಡಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ.

'ನಿಮ್ಮ ಅವ್ವನ್ನ ಕರ್ಕೊಂಡು ನಮ್ಮ ಮನಿಗೆ ಬರ್ರಿ. ಚಷ್ಮಾ ಹಾಕ್ಕೊಂಡ ಚಾ ಕೊಡ್ತೀನಿ.'

ಅವನು ತಿರುಗಿ ನೋಡಿದ. ಮನೆಗೆ ಹೊರಟವಳು ಬಾಗಿಲಲ್ಲೇ ನಿಂತಿದ್ದಳು.

"ಕೆಳಗ ಓಕೆ ಅಂತ ಒಂದ ಬಟನ್ ಐತಿ," ಎಂದ. "ಬ್ಯಾಡ ಅನ್ನವರು ಎಲ್ಲಿ ಒತ್ತಬೇಕ್ರಿ?"

"ಅದನ್ನ ಇಟ್ಟಿಲ್ರಿ."

"ಚಲೋ ಮಾಡಿದ್ರಿ," ಎಂದು ಅವನು ಓಕೆ ಒತ್ತಿದ.