ಚೌಕಟ್ಟಿನ ಹೊರಗುಳಿದ ಪೇರಲ ಬುಟ್ಟಿ

"ಸಾಕು ಮಾಡ್ರಿ! ಹತ್ತು ವಿಡಿಯೋದಾಗ ಒಂದು ಆರಿಸಾಕ ಇಷ್ಟೊತ್ತ? ಕೆಲಸ ಕೇಳಾಕ ಬಂದೀರೋ, ಧ್ಯಾನಕ್ಕ ಕೂಡಾಕ ಬಂದೀರೋ?"

ಈವ್ಲಿನ್ ಬೆಚ್ಚಿಬಿದ್ದಳು. ಕಿವಿಯಲ್ಲಿದ್ದ ಇಯರ್‌ಫೋನ್ ಜಾರಿ ಮಡಿಲಿಗೆ ಬಿತ್ತು.

ಎದುರಿಗೆ ಕುಳಿತು ಗದರಿದವನು ಮಾಲತೇಶ. ನವನಗರದ ಈ ಪುಟ್ಟ ಆಫೀಸಿನಿಂದ 'ಜೋಡಿ ಊರು' ಎಂಬ ಪೇಜ್ ನಡೆಸುತ್ತಿದ್ದ. ಹುಬ್ಬಳ್ಳಿ-ಧಾರವಾಡದ ಜನ ಆನ್‌ಲೈನಿನಲ್ಲಿ ಹಾಕುವ ಹಾಡು, ಅಡುಗೆ, ಸುದ್ದಿ, ನಗೆ... ಎಲ್ಲದರಲ್ಲಿ ಒಳ್ಳೆಯದನ್ನು ಆರಿಸಿ ಒಂದೇ ಕಡೆ ತೋರಿಸುವ ಪೇಜ್ ಅದು. ಹಾಗೆ ಆರಿಸುವ ಕ್ಯುರೇಟರ್ ಕೆಲಸ ಕೇಳಿಕೊಂಡು ಅವಳು ಬಂದಿದ್ದಳು.

"ಆರಿಸೇನಿ ಸರ್... ಏಳನೇದು. ರಾಯಾಪುರದ ಅಜ್ಜಿ ಕೌದಿ ಹೊಲಿಯೋದು."

"ಅದನ್ನ ನೂರು ಮಂದೀನೂ ನೋಡಿಲ್ಲ! ಮೂರನೇದು ಯಾಕ ಬಿಟ್ರಿ? ಎತ್ತು ಹಾಯ್ದು ಒಬ್ಬಾಂವ ಗಟಾರದಾಗ ಬೀಳತಾನಲ್ಲ, ಲಕ್ಷ ಮಂದಿ ನೋಡ್ಯಾರ."

ಅವಳು ತಲೆ ತಗ್ಗಿಸಿದಳು.

"ಮೊದಲಿಗೆ ನಗು ಬರತೈತ್ರಿ. ಕಡೀತನಕ ನೋಡಿದ್ರ... ಅಂವ ಕೈ ಹಿಡಕೊಂಡು ಅಳಾಕತ್ತಾನ. ಮುರದಿರಬೇಕು."

ಮಾಲತೇಶ ಆ ವಿಡಿಯೋವನ್ನು ಕೊನೆಗೆ ಸರಿಸಿ ನೋಡಿದ. ಅವನೇ ಆರಿಸಿಟ್ಟಿದ್ದ ವಿಡಿಯೋ. ಕಡೆಯವರೆಗೆ ಅವನೇ ನೋಡಿರಲಿಲ್ಲ!

"ನಾಳಿಂದ ಬರ್ರಿ," ಎಂದ, ಮುಖವನ್ನೂ ನೋಡದೆ. "ಮಾತು ಕಮ್ಮಿ ಆಡ್ತೀರಿ. ಅದೊಂದು ಛಲೋ ಐತಿ."

ಅವನ ನಾಲಿಗೆ ಹಾಗೆಯೇ... ಕತ್ತರಿಯ ಹಾಗೆ. ಆದರೆ ಸಂಜೆ ಅವಳ ಮೇಜಿನ ಮೇಲೆ ಮಂಡಕ್ಕಿ ಗಿರಮಿಟ್ಟಿನ ಪೊಟ್ಟಣ ಇರುತ್ತಿತ್ತು. "ಒಂದು ಹೆಚ್ಚಾಗೈತಿ, ತಗೋರಿ." ದಿನವೂ ಒಂದು ಹೆಚ್ಚಾಗುತ್ತಿತ್ತು! ಧಾರವಾಡದ ತಮ್ಮ ಹಿತ್ತಲಿನ ಪೇರಲ ಹಣ್ಣನ್ನು ಉಪ್ಪು-ಖಾರ ಹಚ್ಚಿ ಅವಳು ತಂದರೆ, "ಬೀಜ ಭಾಳ," ಎಂದು ಗೊಣಗುತ್ತ ಡಬ್ಬಿ ಖಾಲಿ ಮಾಡುತ್ತಿದ್ದ.

ಅವಳ ಕೆಲಸ ನಿಧಾನ. ಪ್ರತಿಯೊಂದನ್ನೂ ಕಡೆಯವರೆಗೆ ನೋಡುವುದು, ಅದು ಯಾರದು ಎಂದು ಹುಡುಕಿ ಒಪ್ಪಿಗೆ ಕೇಳುವುದು, ಕೆಳಗೆ ಎರಡು ಸಾಲು ಬರೆಯುವುದು. 'ಇದನ್ನೇಕೆ ಆರಿಸಿದೆವು' ಎಂದು.

ಒಂದು ದಿನ ಅವನು ಹೊಸ ಎಐ ಟೂಲ್ ಕೊಂಡು ತಂದ. ಮಗು ಹುಟ್ಟಿದಷ್ಟು ಸಂಭ್ರಮ!

"ಊರಿನ ಚಾನೆಲ್ ಎಲ್ಲಾ ಇದಕ್ಕ ಜೋಡಿಸಿದ್ರ ಮುಗೀತು. ತಾನ ನೋಡತೈತಿ, ತಾನ ಕತ್ತರಸತೈತಿ, ತಾನ ಹೆಡ್ಡಿಂಗ್ ಕೊಟ್ಟು ಹಾಕತೈತಿ!"

"ಸರ್... ಲಿಂಕ್ ಕೂಡಿಸಾಕ ಹಚ್ರಿ. ಬಂದದ್ದ ಹೊಳ್ಳಿ ಬಂದ್ರ ತಗದು ಹಾಕಾಕ ಹಚ್ರಿ. ಪೇಜಿಗೆ ಹಾಕೋ ಗುಂಡಿ ಮಾತ್ರ ನಮ್ಮ ಕೈಯಾಗ ಇರಲಿ. ಟೂಲ್ ಆರಿಸೋ ಮುಂದ ಅದು ತಪ್ಪಿದ್ರ ಯಾರಿಗೆ ಪೆಟ್ಟು ಬೀಳತೈತಿ ಅಂತ ನೋಡಬೇಕಲ್ರಿ?"

"ನೀವು ದಿನಕ್ಕ ನಾಕು ಆರಸ್ತೀರಿ, ಅದು ನಲವತ್ತು ಆರಸತೈತಿ. ಅದಕ್ಕ ಪಗಾರಾನೂ ಬ್ಯಾಡ!"

ಅವಳ ಕಣ್ಣು ತುಂಬಿತು. ಅವನು ಕಿಟಕಿಯ ಕಡೆ ತಿರುಗಿ ಗೊಣಗಿದ.

"ಆತು. ಗುಂಡಿ ನಿಮ್ಮ ಕೈಯಾಗ ಇರಲಿ."

ಆ ಸಂಜೆ ಅವಳೇ ತಮ್ಮ ಚರ್ಚಿನ ಚಾನೆಲ್ಲನ್ನು ಟೂಲಿಗೆ ಜೋಡಿಸಿದಳು. ಕ್ರಿಸ್‌ಮಸ್ ಹಾಡುಗಳು ಚೆನ್ನಾಗಿರುತ್ತವಲ್ಲ... ಎಂದು.

ನವೆಂಬರಿನಲ್ಲಿ ರಜೆ ಕೇಳಿದಳು.

"ರವಿವಾರ ನಮ್ಮ ಚರ್ಚಿನ್ಯಾಗ ಸುಗ್ಗಿ ಹಬ್ಬ ಐತ್ರಿ. ಮನ್ಯಾಗ ಬೆಳದದ್ದು ದೇವರಿಗೆ ಅರ್ಪಿಸ್ತೀವಿ. ಆಮ್ಯಾಲೆ ಅದನ್ನ ಹರಾಜು ಹಾಕ್ತಾರ. ನಾನು ಪೇರಲ ಬುಟ್ಟಿ ಹಿಡಕೊಂಡು ನಿಂದರಬೇಕು."

"ಹೊರಗಿನವರು ಕೂಗಬಹುದಾ?"

"ಯಾರು ಬೇಕಾದ್ರೂ ಕೂಗಬಹುದ್ರಿ."

ಅವನು ಪರದೆಯನ್ನೇ ನೋಡುತ್ತಿದ್ದ. ಅದರಲ್ಲಿ ಏನೂ ಇರಲಿಲ್ಲ.

ರವಿವಾರ ಹಳೆಯ ಮಿಷನ್ ಚರ್ಚಿನ ಅಂಗಳ ತುಂಬಿತ್ತು. ಹರಾಜು ನಡೆಸುವ ಸ್ಯಾಮ್ಯುಯೆಲ್ ಅಂಕಲ್ ಪ್ರತಿ ವರ್ಷದಂತೆ ಮೈಕ್ ಹಿಡಿದು ಕುಣಿಯುತ್ತಿದ್ದರು. ಅವ್ವ ಫ್ಲೋರೆನ್ಸ್ ಟೀಚರ್ ತುಂಬಿಕೊಟ್ಟ ಬುಟ್ಟಿಯನ್ನು ಸೊಂಟದ ಮಟ್ಟಕ್ಕೆ ಹಿಡಿದು ಈವ್ಲಿನ್ ವೇದಿಕೆಯ ಮೇಲೆ ನಿಂತಿದ್ದಳು. ನೋಟ ನೆಲದ ಮೇಲೆ.

"ನಮ್ಮ ಫ್ಲೋರೆನ್ಸ್ ಟೀಚರ್ ಮನೀದು! ಯಾರಿಗೆ ಬೇಕು? ಕೂಗ್ರಿ!"

"ಐನೂರು!" "ಸಾವಿರ!" "ಏ, ಏರಸ್ರಪಾ!"

"ಐದು ಸಾವಿರ!"

ಹಿಂದಿನಿಂದ ಬಂದ ಆ ದನಿ... ಅವಳು ತಲೆ ಎತ್ತಿದಳು. ಬಾಗಿಲ ಬಳಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೂರಬೇಕೋ ನಿಲ್ಲಬೇಕೋ ತಿಳಿಯದೆ ನಿಂತಿದ್ದ ಮಾಲತೇಶ!

ಈವ್ಲಿನ್ ನಕ್ಕಳು. ಅಷ್ಟು ಜನರ ಮುಂದೆ, ಹಲ್ಲು ಕಾಣುವಂತೆ... ಹುಟ್ಟಿದ ಮೇಲೆ ಮೊದಲ ಸಲ.

"ಪೇರಲ ಹಣ್ಣಿಗೆ ಯಾರರೆ ಅಷ್ಟು ಕೊಡ್ತಾರೇನ್ರಿ?" ಬುಟ್ಟಿ ಕೊಡುವಾಗ ಪಿಸುಗುಟ್ಟಿದಳು.

"ಬೀಜ ಭಾಳ ಇರತಾವಲ್ಲ, ತೂಕ ಬರತೈತಿ," ಎಂದ ಅವನು. ಕಿವಿ ಕೆಂಪಾಗಿತ್ತು.

ಆ ಸುಖಕ್ಕೆ ಒಂದೇ ರಾತ್ರಿಯ ಆಯುಷ್ಯ.

ಸೋಮವಾರ ಬೆಳಿಗ್ಗೆ, ಧಾರವಾಡದಿಂದ ಹುಬ್ಬಳ್ಳಿಗೆ ಓಡುವ ಚಿಗರಿ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಸ್ಯಾಮ್ಯುಯೆಲ್ ಅಂಕಲ್‌ರ ದನಿ ಕೇಳಿತು. "ಯಾರಿಗೆ ಬೇಕು? ಕೂಗ್ರಿ!" ಕಾಲೇಜು ಹುಡುಗರ ಮೊಬೈಲು. ಪರದೆಯ ತುಂಬ ಅವಳದೇ ಮುಖ!

'ಧಾರವಾಡದಲ್ಲಿ ಹುಡುಗಿ ಹರಾಜು! ಕೊಂಡವರು ಯಾರು?'

ಕೆಳಗೆ 'ಜೋಡಿ ಊರು' ಎಂಬ ಹೆಸರು.

ಬುಟ್ಟಿ ಎಲ್ಲಿ? ಈವ್ಲಿನ್ ಕಣ್ಣು ಕಿರಿದುಮಾಡಿ ನೋಡಿದಳು. ಬುಟ್ಟಿ ಇರಲಿಲ್ಲ. ಚರ್ಚಿನ ಚಾನೆಲ್ ಹಾಕಿದ್ದ ಹರಾಜಿನ ವಿಡಿಯೋದಲ್ಲಿ ಟೂಲ್ ಗದ್ದಲ ಜೋರಾಗಿದ್ದ ಕ್ಷಣವನ್ನು ಹುಡುಕಿತ್ತು, ಒಂದು ಮುಖವನ್ನು ಹುಡುಕಿತ್ತು, ಮುಖವನ್ನು ನಡುವಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿ ಎಸೆದಿತ್ತು. ಉಳಿದದ್ದು ಹರಾಜಿನ ಕೂಗು, ಐದು ಸಾವಿರ, ಮತ್ತು ಅವಳ ನಗು.

"ಹಲ್ಲು ಕಿಸಕೊಂಡು ನಿಂತಾಳ ನೋಡಲೇ!"

"ಐದು ಸಾವಿರ ತುಟ್ಟಿ ಆತು!"

ಒಬ್ಬ ಹಿಂದೆ ತಿರುಗಿದ. ಅವಳನ್ನು ನೋಡಿದ, ಮೊಬೈಲ್ ನೋಡಿದ, ಮತ್ತೆ ಅವಳನ್ನು ನೋಡಿದ.

"ಏ... ಅಕಿನ ಇಕಿ! ಮೇಡಂ, ಇವತ್ತಿನ ರೇಟ್ ಎಷ್ಟ್ರೀ?"

ಬಸ್ಸು ನಕ್ಕಿತು. ಪಕ್ಕದ ಹೆಂಗಸು ತನ್ನ ಮಗಳನ್ನು ಎಳೆದು ಇನ್ನೊಂದು ಬದಿಗೆ ಕೂರಿಸಿಕೊಂಡಳು. ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಈವ್ಲಿನ್ ರಾಯಾಪುರದಲ್ಲೇ ಇಳಿದು, ಸೆರಗು ಮುಖಕ್ಕೆ ಒತ್ತಿಕೊಂಡು ನವನಗರದವರೆಗೂ ನಡೆದಳು.

ಆಫೀಸಿನಲ್ಲಿ ಮಾಲತೇಶನ ಮುಖ ಬಿಳಿಚಿಕೊಂಡಿತ್ತು. ಮೇಜಿನ ಮೇಲೆ ಪೇರಲ ಬುಟ್ಟಿ.

"ಈವ್ಲಿನ್, ನಾನು..."

"ಅದರಾಗ ನಿಮ್ಮ ಧ್ವನಿ ಐತಿ."

"ಹೌದು, ಆದ್ರ..."

"ಇದಕ್ಕ ಬಂದಿದ್ರಿ? ಲಕ್ಷ ಮಂದಿ ನೋಡಿದ್ರೇನ್ರಿ?"

"ಅಳಿಸೇನಿ! ಮುಂಜಾನೆ ನೋಡಿದ ಕೂಡ್ಲೇ ಅಳಿಸೇನಿ!"

"ನಿಮ್ಮ ಪೇಜಿನಿಂದ ಅಳಿಸೀರಿ. ಬಸ್ಸಿನ್ಯಾಗಿಂದ ಅಳಸ್ರಿ, ನೋಡೋಣು."

ಸಿಕ್ಕಿಬಿದ್ದವನ ನಾಲಿಗೆ ಹೇಳಬಾರದ್ದನ್ನು ಹೇಳಿತು.

"ಆ ಚರ್ಚಿನ ಚಾನೆಲ್ ಜೋಡಿಸಿದಾಕಿ ನೀವ ಅಲ್ಲೇನು?"

ಹೇಳಿದ ಮರುಕ್ಷಣವೇ ಅವನು ಬಾಯಿ ಮೇಲೆ ಕೈ ಇಟ್ಟುಕೊಂಡ. ತಡವಾಗಿತ್ತು. ಈವ್ಲಿನ್ ಆಫೀಸಿನ ಬೀಗದ ಕೈ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದಳು.

ಮನೆಯಲ್ಲಿ ಇನ್ನೂ ಕ್ರೂರವಾದದ್ದು ಕಾದಿತ್ತು. ಹುಬ್ಬಳ್ಳಿಯ ಆರನ್ ಎಂಬ ಹುಡುಗನ ಮನೆಯವರು ಅವಳನ್ನು ನೋಡಲು ಬರುವವರಿದ್ದರು. ಅವನ ತಾಯಿ ಫೋನ್ ಮಾಡಿದರು.

"ಹುಡುಗಿ ಛಲೋ ಅದಾಳ್ರಿ ಟೀಚರ್... ಆದ್ರ ನಾವು ನೋಡೋಕಿಂತ ಮೊದಲ ಊರೆಲ್ಲ ನೋಡೇತಲ್ರಿ."

ಅವಳಿಗೆ ಆ ಮದುವೆ ಬೇಕಿರಲಿಲ್ಲ. ಆದರೂ ಆ ಮಾತು ಬೆಂಕಿಯಂತೆ ತಾಗಿತು. ಫೋನಿಟ್ಟ ಫ್ಲೋರೆನ್ಸ್ ಟೀಚರ್ ಮಗಳ ಕಡೆ ತಿರುಗಿದರು.

"ಯಾಕ ನಕ್ಕಿ? ಬಾಯಿ ಮುಚಗೊಂಡು ನಿಂತಿದ್ರ ಇಷ್ಟೆಲ್ಲಾ ಆಗತಿತ್ತಾ?"

'ಅವ್ವಾ, ನೀನೂ?...' ಅಂದಿನಿಂದ ಈವ್ಲಿನ್ ಕನ್ನಡಿಯ ಮುಂದೆ ನಿಂತಾಗ ತುಟಿ ಬಿಗಿಹಿಡಿಯುತ್ತಿದ್ದಳು. ನಗುವೇ ತನ್ನ ಅಪರಾಧ ಎಂಬಂತೆ.

ಶನಿವಾರ ಮಧ್ಯಾಹ್ನ ಗೇಟಿನ ಸಪ್ಪಳವಾಯಿತು. ಮಾಲತೇಶ ನಿಂತಿದ್ದ. ಗಡ್ಡ ಬೆಳೆದಿತ್ತು.

"ಏನು, ಇನ್ನೊಂದು ಬುಟ್ಟಿ ಬೇಕಾಗಿತ್ತೇನು?" ಟೀಚರ್ ಬಾಗಿಲಲ್ಲೇ ತಡೆದರು.

"ಬೈರಿ ಟೀಚರ್. ಬೈಸಿಕೊಳ್ಳಾಕ ಬಂದೇನಿ. ಒಂದು ಮಾತು ಕೇಳಿ ಹೋಗ್ತೇನಿ." ಅವನ ಕಣ್ಣು ಹಿಂದೆ ನಿಂತಿದ್ದ ಈವ್ಲಿನ್ ಮೇಲೆ ನಿಂತಿತು. "ಪೂರ್ತಿ ವಿಡಿಯೋ ಹಾಕಬೇಕಂತ ಮಾಡೇನಿ. ಬುಟ್ಟಿ ಕಾಣೂ ಹಂಗ, ಕಡೀತನಕ. ಕೂಗಿದಾಂವ ನಾನು, ನೋಡಲಾರದ ಟೂಲಿಗೆ ಹಾಕಾಕ ಬಿಟ್ಟಾಂವ ನಾನು ಅಂತ ಮುಖ ತೋರಿಸಿ ಹೇಳ್ತೇನಿ. ಆದ್ರ ಅದರಾಗ ಇರೋ ಮುಖ ನಿಮ್ಮದು. ನೀವು ಹೂಂ ಅನ್ನದ ಹಾಕೂದಿಲ್ಲ."

ಒಪ್ಪಿಗೆ ಕೇಳುವುದು! ಅದು ಅವಳೇ ಕಲಿಸಿದ್ದ ಪಾಠ. ಈವ್ಲಿನ್ ಮೆಲ್ಲಗೆ ಅಂಗಳಕ್ಕೆ ಬಂದಳು. ಪೇರಲ ಗಿಡದ ನೆರಳು ಇಬ್ಬರ ನಡುವೆ.

"ಗುಂಡಿ ಆ ಟೂಲಿನ ಕೈಗೆ ಯಾಕ ಕೊಟ್ರಿ?"

"ನಿಮಗ ರಜಾ. ನಾನು ಹರಾಜಿಗೆ ಬರಬೇಕಾಗಿತ್ತು. ಎರಡು ತಾಸು ತಾನ ಹಾಕಲಿ ಅಂತ ಬಿಟ್ಟೆ. ಹೊಳ್ಳಿ ಹೋಗಿ ಏನೂ ನೋಡಲಿಲ್ಲ. ಆ ಬುಟ್ಟಿ ಮುಂದ ಇಟಗೊಂಡು ಕುಂತಿದ್ದೆ... ಹುಚ್ಚನಂಗ."

"ಆ ಬುಟ್ಟಿ ಯಾಕ ಬೇಕಾಗಿತ್ತು?"

ಅವನು ಗಿಡದ ಎಲೆಯೊಂದನ್ನು ಕಿತ್ತು ಬೆರಳಿಗೆ ಸುತ್ತಿಕೊಂಡ.

"ಕೂಗಿದ್ರ ನೀವು ಒಮ್ಮೆ ತಲಿ ಎತ್ತಿ ನನ್ನ ನೋಡ್ತೀರಿ ಅಂತ."

ಅವಳು ಪೇರಲ ಕೊಂಬೆಯೊಂದನ್ನು ಹಿಡಿದುಕೊಂಡಳು.

"ಆ ದಿನ ಆಫೀಸಿನ್ಯಾಗ ಅಂದದ್ದು... ಅದಕ್ಕ ಕ್ಷಮಾ ಇಲ್ಲ, ಕೇಳೂದೂ ಇಲ್ಲ. ಬೇಕಂದ್ರ ನಿಮ್ಮ ಮುಖ ಮಸಕು ಮಾಡ್ತೇನಿ. ಆ ನಗು ಕತ್ತರಸ್ತೇನಿ."

"ಬ್ಯಾಡ್ರಿ!" ತನ್ನ ದನಿ ಇಷ್ಟು ಜೋರಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. "ಇನ್ನ ಏನೂ ಕತ್ತರಿಸಬ್ಯಾಡ್ರಿ. ಕೆಳಗ ಎರಡು ಸಾಲು ಬರೀರಿ. ಬುಟ್ಟಿಯೊಳಗ ಪೇರಲ ಹಣ್ಣು ಇದ್ದುವು. ಮತ್ತ... ಹುಡುಗಿ ನಕ್ಕಿದ್ದು ಕೂಗಿದಾಂವನ್ನ ನೋಡಿ. ಅಂವ ಅಂದ್ರ ಆಕಿಗೆ ಇಷ್ಟ ಇತ್ತು."

"ಇತ್ತು...? ಈಗ?"

"ಮೊದಲ ಪೂರ್ತಿ ಹಾಕ್ರಿ," ಎಂದು ಒಳಗೆ ಹೋಗಿಬಿಟ್ಟಳು.

ಅವನು ಹಾಕಿದ. ಅವಳು ಹೇಳಿದ ಸಾಲುಗಳೊಂದಿಗೆ, ಒಂದಕ್ಷರ ಬಿಡದೆ.

ಯಾರೂ ನೋಡಲಿಲ್ಲ! ಸುಳ್ಳನ್ನು ಊರಿಗೆ ಊರೇ ನೋಡಿತ್ತು. ನಿಜಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. ನೋಡಿದ ಕೆಲವರು ಅವನಿಗೊಂದು ಹೆಸರಿಟ್ಟರು: 'ಪೇರಲ ಮಾಲ್ತೇಶಿ'. ಜಾಹೀರಾತು ಕೊಡುತ್ತಿದ್ದವರು ಒಬ್ಬೊಬ್ಬರಾಗಿ ಜಾರಿಕೊಂಡರು. ತುಣುಕನ್ನು ಕದ್ದು ಹಾಕಿದ್ದ ಪೇಜುಗಳಿಗೆಲ್ಲ ಅವನು ಅಳಿಸಿರೆಂದು ಬರೆದ. ಕೆಲವರು ಅಳಿಸಿದರು, ಹೆಚ್ಚಿನವರು ನಗುವ ಚಿತ್ರ ಕಳಿಸಿದರು.

ಈವ್ಲಿನ್ ಮನೆಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. ಅವನಿಗೆ ಬಿದ್ದ ಒಂದೊಂದು ಬೈಗುಳವನ್ನೂ ಓದಿದಳು. ಅವನು ಆ ಪೋಸ್ಟನ್ನು ತೆಗೆಯಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಅವಳು ಅದೇ ಚಿಗರಿ ಬಸ್ಸು ಹತ್ತಿದಳು. ಯಾರೋ ಪಿಸುಗುಟ್ಟಿದರು. ಈ ಸಲ ನವನಗರದಲ್ಲೇ ಇಳಿದಳು.

ಆಫೀಸಿನ ಬಾಗಿಲು ತೆರೆದರೆ ಕೊಳೆತ ಹಣ್ಣಿನ ಘಾಟು. ಬುಟ್ಟಿ ಮೇಜಿನ ಮೇಲೆ ಹಾಗೆಯೇ ಇತ್ತು.

"ಒಂದೂ ತಿನ್ನಲಿಲ್ಲೇನ್ರಿ?"

ಮಾಲತೇಶ ಎದ್ದು ನಿಂತ. "ಹೆಂಗ ತಿನ್ನಲಿ..."

"ಆ ಟೂಲ್?"

"ಆರಿಸೋದು, ಹಾಕೋದು ಎರಡೂ ತಗದೇನಿ. ಲಿಂಕ್ ಕೂಡಿಸೋದು ಅಷ್ಟ ಇಟ್ಟೇನಿ. ಗುಂಡಿ..." ಬೀಗದ ಕೈಯನ್ನು ಅವಳ ಕಡೆ ಸರಿಸಿದ. "ನೀವು ಬಂದ್ರ ಜನ ಇನ್ನೂ ನಗತಾರ, ಈವ್ಲಿನ್. ಇಬ್ಬರನ್ನೂ ಜೋಡಿ ಮಾಡಿ ನಗತಾರ."

"ನಗಲಿ ಬಿಡ್ರಿ." ಬುಟ್ಟಿಯನ್ನು ಎತ್ತಿ ಹೊರಗಿಟ್ಟು ಬಂದಳು. "ಮುಂದಿನ ಸುಗ್ಗಿ ಹಬ್ಬಕ್ಕ ಕೂಗಾಕ ಬರಬ್ಯಾಡ್ರಿ."

ಅವನ ಮುಖ ಬಾಡಿತು.

"ಮನಿಗೆ ಬರ್ರಿ. ಗಿಡದಾಗ ಹರಕೊಳ್ಳಾಕ."

"ಟೀಚರ್ ಬಿಟ್ಟಾರಾ?"

"ಬೈತಾರ. ಬೈಸಿಕೊಳ್ರಿ."

"ಮತ್ತ ನೀವು?"

ಈವ್ಲಿನ್ ತಲೆ ಎತ್ತಿದಳು. ತುಟಿ ಬಿಗಿಹಿಡಿಯುವುದನ್ನು ಮರೆತಳು.

"ನಿಮ್ಮನ್ನ ನೋಡಾಕತ್ತೇನಲ್ಲ... ಮಾಲತೇಶ್."

"ಕಡೀತನಕ ನೋಡ್ತೀರಾ?"

"ನಾನು ಯಾವತ್ತರೆ ಅರ್ಧಕ್ಕ ಬಿಟ್ಟೇನೇನ್ರಿ?"